ಅರ್ಥ ಹೇಳುವ ಸೀಮೆಯಲ್ಲಿ ಇಂಗ್ಲಿಷ್ ತರಗತಿ: ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ರಂಗಾಭ್ಯಾಸ ಮತ್ತು ಭಾಷಾಬೋಧನೆಯ ಚರಿತ್ರೆ

ಇಂಗ್ಲಿಷ್ ಬೋಧನೆಯಲ್ಲಿ ನಾಟಕ ಚಟುವಟಿಕೆಗಳ ಬಳಕೆಯನ್ನು ಕುರಿತ ಬರಹಗಳು ನಮ್ಮಲ್ಲಿ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಆರಂಭವಾಗುತ್ತವೆ. ವಿಧಾನ ಪಶ್ಚಿಮದಲ್ಲಿ ಹುಟ್ಟಿತು, ತರಬೇತಿ ಶಿಬಿರಗಳ ಮೂಲಕ ಇಲ್ಲಿಗೆ ಬಂತು, ಇಲ್ಲಿಯ ಶಿಕ್ಷಕರು ಅದನ್ನು ಅಳವಡಿಸಿಕೊಂಡರು ಅಥವಾ ಅಳವಡಿಸಿಕೊಳ್ಳಲಿಲ್ಲ. ಈ ನಿರೂಪಣೆ ಸುಳ್ಳಲ್ಲ, ಆದರೆ ಅಪೂರ್ಣ. ಉಡುಪಿ ಜಿಲ್ಲೆಯ ಉತ್ತರ ಭಾಗದ ಮೂರು ತಾಲೂಕುಗಳನ್ನು, ಅಂದರೆ ಕುಂದಾಪುರವನ್ನೂ 2018ರಲ್ಲಿ ಪ್ರತ್ಯೇಕ ತಾಲೂಕುಗಳಾಗಿ ಕಾರ್ಯಾರಂಭ ಮಾಡಿದ ಬೈಂದೂರು, ಬ್ರಹ್ಮಾವರಗಳನ್ನೂ ಎದುರಿಗಿಟ್ಟುಕೊಂಡರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಮನೆಯಲ್ಲಿ ಆಡದ ಭಾಷಾಪ್ರಭೇದವೊಂದನ್ನು ರಂಗದ ಮೇಲೆ ನಿಂತು, ಎದುರಾಳಿಯ ಮಾತಿಗೆ ಮಾತು ಕೊಟ್ಟು ಕಲಿಯುವ ಪದ್ಧತಿ ಇಲ್ಲಿ ಇಂಗ್ಲಿಷ್ ಶಾಲೆಗಿಂತ ಬಹಳ ಹಿಂದಿನದು. ಆ ಪದ್ಧತಿಯೂ ಇಂಗ್ಲಿಷ್ ತರಗತಿಯೂ ಒಂದೇ ಊರಿನಲ್ಲಿ, ಅನೇಕ ವೇಳೆ ಒಂದೇ ಶಾಲೆಯ ಅಂಗಳದಲ್ಲಿ, ಸುಮಾರು ಒಂದು ಶತಮಾನ ಕಾಲ ಪರಸ್ಪರ ಮಾತಾಡದೆ ಉಳಿದವು. ಅವು ಏಕೆ ಕೂಡಲಿಲ್ಲ, ಕೂಡಿಸುವ ಕೆಲವು ಯತ್ನಗಳು ಯಾವ ದಾರಿ ಹಿಡಿದವು ಎಂಬುದು ಈ ಲೇಖನದ ವಿಷಯ.

ಮನೆಮಾತು, ರಂಗಮಾತು

ಈ ಸೀಮೆಯ ಭಾಷಾಪರಿಸ್ಥಿತಿಯನ್ನು ಮೊದಲು ಗಮನಿಸಬೇಕು. ಬ್ರಹ್ಮಾವರದ ಆಸುಪಾಸಿನಲ್ಲಿ ತುಳು ಮತ್ತು ಕನ್ನಡದ ಮನೆಮಾತುಗಳು ಬೆರೆಯುತ್ತವೆ. ಅಲ್ಲಿಂದ ಉತ್ತರಕ್ಕೆ ಶಿರೂರಿನವರೆಗೆ ಕುಂದಾಪ್ರ ಕನ್ನಡವೆಂದು ಕರೆಸಿಕೊಳ್ಳುವ ಪ್ರಭೇದ ಬಳಕೆಯಲ್ಲಿದೆ. ಕರಾವಳಿಯುದ್ದಕ್ಕೂ ಕೊಂಕಣಿಯ ಹಲವು ರೂಪಗಳಿವೆ. ಕುಂದಾಪ್ರ ಕನ್ನಡವು ಶಿಷ್ಟ ಬರಹದ ಕನ್ನಡದಿಂದ ಉಚ್ಚಾರಣೆಯಲ್ಲಿ ಮಾತ್ರವಲ್ಲ, ಕ್ರಿಯಾರೂಪಗಳಲ್ಲಿಯೂ ದೂರ ನಿಲ್ಲುತ್ತದೆ. ‘ಬರುವುದು’, ‘ಆಗುವುದು’ ಎಂಬಲ್ಲಿ ‘ಬಪ್ಪುದ್’, ‘ಅಪ್ಪುದ್’ ಎಂಬ ರೂಪಗಳು ಹಳಗನ್ನಡದ ಪಕಾರವನ್ನು ಉಳಿಸಿಕೊಂಡಿವೆ. ‘ಹೋಗಬೇಕು’ ಎಂಬುದು ‘ಹೋಯ್ಕ್’ ಎಂದೂ ‘ಬರಬೇಕು’ ಎಂಬುದು ‘ಬರ್ಕ್’ ಎಂದೂ ಸಂಕುಚಿತವಾಗುತ್ತವೆ. ಪದಾಂತ್ಯದ ಉಕಾರದ ಲೋಪ ಇಲ್ಲಿ ಸಾಮಾನ್ಯ. ಬಯಲುಸೀಮೆಯ ಕನ್ನಡಿಗರು ‘ಬಸ್ಸು’ ‘ಬುಕ್ಕು’ ಎಂದು ಸ್ವರ ಸೇರಿಸಿ ಉಚ್ಚರಿಸುವ ಇಂಗ್ಲಿಷ್ ಪದಗಳು ಈ ಊರಿನ ಮಗುವಿಗೆ ವ್ಯಂಜನಾಂತವಾಗಿಯೇ ಸಲೀಸು. ತನ್ನ ಮನೆಮಾತಿನಲ್ಲಿಯೇ ಅಂಥ ಪದಗಳು ಅದಕ್ಕೆ ಧಾರಾಳವಾಗಿ ಸಿಗುತ್ತವೆ. ಇಂಗ್ಲಿಷ್ ಶಿಕ್ಷಕರ ತರಬೇತಿ ಕೈಪಿಡಿಗಳು ‘ಕನ್ನಡ ಮಾತೃಭಾಷೆಯವರ ದೋಷಗಳು’ ಎಂದು ಒಟ್ಟಾಗಿ ಪಟ್ಟಿ ಮಾಡುವಾಗ ಇಂಥ ಪ್ರಾದೇಶಿಕ ಅನುಕೂಲಗಳು ಕಣ್ಮರೆಯಾಗುತ್ತವೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಶಾಲೆಗೆ ಬರುವ ಮಗುವಿಗೆ ಪಠ್ಯಪುಸ್ತಕದ ಕನ್ನಡವೇ ಹೀಗೆ ಒಂದು ಮಟ್ಟಿಗೆ ಎರಡನೆಯ ಭಾಷೆ. ಆದರೆ ಅದು ಕೇಳರಿಯದ ಭಾಷೆಯಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಹಟ್ಟಿಯಂಗಡಿ, ಸೌಕೂರು, ಸಾಲಿಗ್ರಾಮ, ಕೋಟದ ಅಮೃತೇಶ್ವರಿ ಎಂದು ದೇವಸ್ಥಾನಗಳ ಹೆಸರಿನ ಮೇಳಗಳ ಸಾಲೇ ಇರುವ ಈ ಪ್ರದೇಶದಲ್ಲಿ ಗ್ರಾಂಥಿಕ ಕನ್ನಡವನ್ನು ಮಗು ಪುಸ್ತಕದಲ್ಲಿ ಓದುವ ಮೊದಲೇ ಬಯಲಾಟದ ರಂಗಸ್ಥಳದಲ್ಲಿ ಕೇಳಿರುತ್ತದೆ. ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಯ ಹೊತ್ತಿಗೆ ತಿರುಗಾಟ ಮುಗಿಸುತ್ತದೆ. ಆ ಆರು ತಿಂಗಳು ಹರಕೆಯಾಟಗಳು ಮನೆಯಂಗಳಕ್ಕೇ ಬರುತ್ತವೆ. ಬಡಗುತಿಟ್ಟಿನ ಹಾರಾಡಿ, ಮಟಪಾಡಿ ಶೈಲಿಗಳೆರಡೂ ಬ್ರಹ್ಮಾವರದ ಸುತ್ತಿನ ಊರುಗಳ ಹೆಸರನ್ನೇ ಹೊತ್ತಿವೆ.

ಯಕ್ಷಗಾನದ ಮಾತಿನ ವ್ಯವಸ್ಥೆ ಭಾಷಾಶಾಸ್ತ್ರದ ದೃಷ್ಟಿಯಿಂದ ಅಪೂರ್ವವಾದುದು. ಪ್ರಸಂಗದಲ್ಲಿ ಬರೆದಿಟ್ಟಿರುವುದು ಪದ್ಯ ಮಾತ್ರ. ಭಾಗವತರು ಪದ್ಯವನ್ನು ಹಾಡುತ್ತಾರೆ. ಪಾತ್ರಧಾರಿ ಅದರ ಅಭಿಪ್ರಾಯವನ್ನು ಗದ್ಯದಲ್ಲಿ, ಆ ಕ್ಷಣದಲ್ಲಿ ಕಟ್ಟಿ ಹೇಳುತ್ತಾನೆ. ಇದನ್ನೇ ‘ಅರ್ಥ’ ಎನ್ನುತ್ತಾರೆ, ಹೇಳುವವನು ಅರ್ಥಧಾರಿ. ವೇಷವನ್ನೂ ಕುಣಿತವನ್ನೂ ಬಿಟ್ಟು ಮಾತನ್ನೇ ಮುಖ್ಯವಾಗಿಸಿಕೊಂಡ ತಾಳಮದ್ದಳೆಯಲ್ಲಿ ಇದು ಶಿಖರ ಮುಟ್ಟುತ್ತದೆ. ಕೃಷ್ಣಸಂಧಾನದಂಥ ಪ್ರಸಂಗದಲ್ಲಿ ಕೃಷ್ಣ ಕೌರವರ ವಾದ ಗಂಟೆಗಟ್ಟಲೆ ಬೆಳೆಯುವುದುಂಟು. ಪದ್ಯ ದಿಕ್ಕನ್ನು ನಿಗದಿಪಡಿಸುತ್ತದೆ, ಮಾತನ್ನಲ್ಲ. ಎದುರಿನ ಪಾತ್ರಧಾರಿ ಏನು ಕೇಳುತ್ತಾನೆಂಬುದು ಮೊದಲೇ ಗೊತ್ತಿರುವುದಿಲ್ಲ. ಭಾಷಾಕಲಿಕೆಯ ಸಂಶೋಧಕರು ‘ಮಾಹಿತಿಯ ಅಂತರ’ ಎಂದು ಕರೆಯುವ ಸನ್ನಿವೇಶ ಇಲ್ಲಿ ಕೃತಕವಾಗಿ ಸೃಷ್ಟಿಸಿದ್ದಲ್ಲ, ಕಲೆಯ ಜೀವಾಳವೇ ಅದು.

ಎರಡು ಲಕ್ಷಣಗಳನ್ನು ವಿಶೇಷವಾಗಿ ಹೇಳಬೇಕು. ಮೊದಲನೆಯದು, ಪ್ರೇಕ್ಷಕನೂ ಕಲಿಯುವ ಹುಡುಗನೂ ಒಂದೇ ವಿಷಯವನ್ನು ಎರಡು ಸಲ ಕೇಳುತ್ತಾರೆ: ಒಮ್ಮೆ ಬಿಗಿಯಾದ ಪದ್ಯದಲ್ಲಿ, ಮತ್ತೊಮ್ಮೆ ಹರಡಿದ ಗದ್ಯದಲ್ಲಿ. ಪದ್ಯ ಅರ್ಧ ಅರ್ಥವಾದರೂ ಸಾಕು, ಉಳಿದುದನ್ನು ಗದ್ಯ ತುಂಬುತ್ತದೆ. ಎರಡನೆಯದು, ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಪದ ಬರಕೂಡದೆಂಬ ಅಲಿಖಿತ ಕಟ್ಟುಪಾಡು. ಹಾಸ್ಯಗಾರನಿಗೆ ಸ್ವಲ್ಪ ರಿಯಾಯಿತಿ ಇದೆ. ಉಳಿದ ವೇಷಗಳಿಗೆ ಇಲ್ಲ. ದಿನಬಳಕೆಯಲ್ಲಿ ಮಾತಿಗೊಂದು ಇಂಗ್ಲಿಷ್ ಪದ ಬಳಸುವ ಕಲಾವಿದನೇ ರಂಗಸ್ಥಳದಲ್ಲಿ ರಾತ್ರಿಯಿಡೀ ಒಂದೂ ಇಂಗ್ಲಿಷ್ ಪದವಿಲ್ಲದೆ ಮಾತಾಡುತ್ತಾನೆ. ಪದ ಹೊಳೆಯದಿದ್ದಾಗ ಬಳಸುದಾರಿಯಿಂದ ವಿವರಿಸಬೇಕು, ಪರ್ಯಾಯವನ್ನು ಹುಡುಕಬೇಕು, ಹಿಂದಿನ ಮಾತಿಗೆ ಕೊಂಡಿ ಹಾಕಿ ಸಮಯ ಸಂಪಾದಿಸಬೇಕು. 1980ರಲ್ಲಿ ಕನೇಲ್ ಮತ್ತು ಸ್ವೇನ್ ಸಂವಹನ ಸಾಮರ್ಥ್ಯದ ಘಟಕಗಳನ್ನು ವಿಂಗಡಿಸಿದಾಗ ಇಂಥ ಉಪಾಯಗಳನ್ನು ಪ್ರತ್ಯೇಕ ಸಾಮರ್ಥ್ಯವಾಗಿಯೇ ಎಣಿಸಿದರು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಮೇಳದ ಕಲಾವಿದರಲ್ಲಿ ಈ ಸಾಮರ್ಥ್ಯ ಯಾವ ಎತ್ತರದಲ್ಲಿತ್ತೆಂಬುದನ್ನು ಆಟ ನೋಡಿದವರಿಗೆ ವಿವರಿಸಬೇಕಾಗಿಲ್ಲ.

ತರಗತಿಗೆ ಬಂದ ನಾಟಕ

ಇಂಗ್ಲಿಷ್ ಶಿಕ್ಷಣ ಈ ಕರಾವಳಿಗೆ ಬಂದ ಬಗೆ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಬಳಿಕ ಮದರಾಸು ಸರ್ಕಾರದ ಶಿಕ್ಷಣ ಇಲಾಖೆ, ಸ್ಥಳೀಯ ದಾನಿಗಳು ಕಟ್ಟಿದ ಹೈಸ್ಕೂಲುಗಳು ಎಂಬ ಈ ಚರಿತ್ರೆ ಸಾಕಷ್ಟು ಪರಿಚಿತ, ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿಯಿತು, 1956ರ ನವೆಂಬರ್ 1ರವರೆಗೆ ಅಲ್ಲಿಯ ಪಠ್ಯಕ್ರಮವೇ ಇಲ್ಲಿ ನಡೆಯಿತು ಎಂಬುದನ್ನು ಮಾತ್ರ ನೆನಪಿಡಬೇಕು.

ಆ ಕಾಲದ ತರಗತಿಯಲ್ಲಿ ನಾಟಕವೆಂದರೆ ಪಠ್ಯ. ಷೇಕ್ಸ್‌ಪಿಯರನ ನಾಟಕವನ್ನು ಸಾಲುಸಾಲಾಗಿ ವಿವರಿಸುವುದು, ಟಿಪ್ಪಣಿ ಬರೆಸುವುದು, ಪರೀಕ್ಷೆಗೆ ಸಂದರ್ಭಸಹಿತ ವಾಕ್ಯಗಳನ್ನು ಕಂಠಪಾಠ ಮಾಡಿಸುವುದು. ರಂಗದ ಮೇಲೆ ಬರುತ್ತಿದ್ದರೆ ಅದು ವಾರ್ಷಿಕೋತ್ಸವದ ದಿನ, ‘ವೆನಿಸಿನ ವರ್ತಕ’ದ ನ್ಯಾಯಸ್ಥಾನದ ದೃಶ್ಯದಂಥ ಯಾವುದಾದರೊಂದು ತುಣುಕು. ಅತ್ತ ಮೈಸೂರು ಮತ್ತು ಮುಂಬಯಿ ಪ್ರಾಂತಗಳ ಕನ್ನಡ ಲೇಖಕರು ಇದೇ ಷೇಕ್ಸ್‌ಪಿಯರನನ್ನು ಬೇರೆ ರೀತಿಯಲ್ಲಿ ದಕ್ಕಿಸಿಕೊಳ್ಳುತ್ತಿದ್ದರು. ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ ಒಥೆಲೊ ನಾಟಕವನ್ನೂ ಎಂ. ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ ಮ್ಯಾಕ್‌ಬೆತ್ ನಾಟಕವನ್ನೂ ಕನ್ನಡ ರಂಗಭೂಮಿಗೆ ತಂದವು. ಹೀಗೆ ಕನ್ನಡದಲ್ಲಿ ನಾಟಕವಾಗಿ ಬದುಕಿದ್ದು ಇಂಗ್ಲಿಷ್ ತರಗತಿಯಲ್ಲಿ ಗದ್ಯಾನುವಾದದ ಅಭ್ಯಾಸವಾಗಿ ಉಳಿಯಿತು. ಬಹಳ ಕಾಲದ ಮೇಲೆ ಕುಂದಾಪುರದವರೇ ಆದ ವೈದೇಹಿಯವರು ಮಕ್ಕಳಿಗಾಗಿ ‘ಗೊಂಬೆ ಮ್ಯಾಕ್‌ಬೆತ್’ ಬರೆದಾಗಲೂ ಅದು ನಡೆದದ್ದು ಕನ್ನಡದ ಮಕ್ಕಳ ರಂಗಭೂಮಿಯಲ್ಲಿ. ಇಂಗ್ಲಿಷ್ ಪಾಠಕ್ಕೂ ಅದಕ್ಕೂ ಸಂಬಂಧ ಏರ್ಪಡಲಿಲ್ಲ.

ಪಶ್ಚಿಮದಲ್ಲಿ ಇದಕ್ಕೆ ಪ್ರತಿಯಾದ ಚಿಂತನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮೊಳೆತಿತ್ತು. ಇಂಗ್ಲೆಂಡಿನ ಹಳ್ಳಿಶಾಲೆಯ ಶಿಕ್ಷಕಿ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ ನಾಟಕೀಯ ಬೋಧನಾವಿಧಾನವನ್ನು ಕುರಿತು ಪುಸ್ತಕ ಬರೆದರು; ಕೇಂಬ್ರಿಜಿನ ಪರ್ಸ್ ಶಾಲೆಯ ಕಾಲ್ಡ್‌ವೆಲ್ ಕುಕ್ ಅವರ ‘ದಿ ಪ್ಲೇ ವೇ’ 1917ರಲ್ಲಿ ಹೊರಬಂತು. 1965ರಲ್ಲಿ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರಿನಲ್ಲಿ ‘ಶಿಕ್ಷಣದಲ್ಲಿ ರಂಗಭೂಮಿ’ ಎಂಬ ಚಳವಳಿ ರೂಪುಗೊಂಡಿತು. ಆದರೆ ಇವೆಲ್ಲ ಇಂಗ್ಲಿಷನ್ನು ಮನೆಮಾತಾಗಿ ಉಳ್ಳ ಮಕ್ಕಳಿಗಾಗಿ ಹುಟ್ಟಿದವು. ಇಂಗ್ಲಿಷನ್ನು ಬೇರೆ ಭಾಷೆಯಾಗಿ ಕಲಿಯುವವರ ಮಟ್ಟಿಗೆ ಎಲ್ಲರೂ ಉಲ್ಲೇಖಿಸುವ ಕೈಪಿಡಿ ಬಂದದ್ದು 1978ರಲ್ಲಿ: ಅಲನ್ ಮೇಲಿ ಮತ್ತು ಅಲನ್ ಡಫ್ ಅವರ ಪುಸ್ತಕ. ಇಲ್ಲಿ ನಾಟಕವೆಂದರೆ ಪ್ರದರ್ಶನವಲ್ಲ, ಪ್ರೇಕ್ಷಕರಿಲ್ಲ. ತರಗತಿಯೊಳಗೆ ನಡೆಯುವ ಚಿಕ್ಕ ಚಿಕ್ಕ ಅಭಿನಯಾಭ್ಯಾಸಗಳು.

ನಮ್ಮ ಕಡೆ ಆ ದಶಕಗಳಲ್ಲಿ ನಡೆಯುತ್ತಿದ್ದುದು ಬೇರೆಯೇ. 1950ರ ದಶಕದಲ್ಲಿ ಮದರಾಸು ರಾಜ್ಯ ರಾಚನಿಕ ವಿಧಾನವನ್ನು ಹಿಡಿಯಿತು: ವಾಕ್ಯಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ತರಗತಿ ಒಕ್ಕೊರಲಿನಿಂದ ಪುನರುಚ್ಚರಿಸುವುದು. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ನೀಡಿತು. ಎನ್. ಎಸ್. ಪ್ರಭು ಅವರ ಪ್ರಖ್ಯಾತ ಬೆಂಗಳೂರು ಯೋಜನೆ (1979–84) ಈ ರಾಚನಿಕ ವಿಧಾನವನ್ನು ಪ್ರಶ್ನಿಸಿತು. ಕುತೂಹಲದ ಸಂಗತಿಯೆಂದರೆ ಪ್ರಭು ಅವರು ಪಾತ್ರಾಭಿನಯದಂಥ ಚಟುವಟಿಕೆಗಳ ಕಡೆಗೂ ಹೋಗಲಿಲ್ಲ. ವೇಳಾಪಟ್ಟಿ, ನಕಾಶೆ, ಲೆಕ್ಕಾಚಾರಗಳ ಮೇಲೆ ಆಧರಿಸಿದ ತಾರ್ಕಿಕ ಕಾರ್ಯಗಳನ್ನೇ ಆರಿಸಿಕೊಂಡರು. ಮಕ್ಕಳು ಕೂಡಲೇ ಮಾತಾಡಬೇಕೆಂದು ಒತ್ತಾಯಿಸಲಿಲ್ಲ, ಅರ್ಥ ಮಾಡಿಕೊಳ್ಳುವುದಕ್ಕೆ ಮೊದಲ ಸ್ಥಾನ ಕೊಟ್ಟರು. ಈ ನಿಲುವಿಗೆ ಮುಂದೆ ಮರಳುತ್ತೇವೆ. ಏಕೆಂದರೆ ಯಕ್ಷಗಾನದ ಅನುಭವ ಅದನ್ನು ಅನಿರೀಕ್ಷಿತ ರೀತಿಯಲ್ಲಿ ಸಮರ್ಥಿಸುತ್ತದೆ.

ಎರಡು ದಾರಿಗಳು ಕೂಡದಿರಲು ಕಾರಣ

ಆಟಕ್ಕೂ ಪಾಠಕ್ಕೂ ನಡುವೆ ನಿಂತ ಗೋಡೆ ಒಂದೇ ಬಗೆಯದಲ್ಲ. ರಾತ್ರಿಯಿಡೀ ಆಟ ನೋಡಿದ ಹುಡುಗ ಮರುದಿನ ತರಗತಿಯಲ್ಲಿ ತೂಕಡಿಸುತ್ತಾನೆ ಎಂಬ ದೂರು ಇಲ್ಲಿಯ ಶಾಲೆಗಳಲ್ಲಿ ಬಹು ಹಳೆಯದು. ‘ಆಟದ ಮರ್ಲು’ ಹಿಡಿದವನು ಓದಿನಲ್ಲಿ ಹಿಂದೆ ಬೀಳುತ್ತಾನೆಂಬ ಭಯ ತಂದೆತಾಯಿಗಳಿಗಿತ್ತು. ಇಂಗ್ಲಿಷ್ ಶಾಲೆ ಪ್ರತಿನಿಧಿಸಿದ್ದು ಊರಿನಿಂದ ಹೊರಗೆ ಹೋಗುವ ದಾರಿಯನ್ನು. ಯಕ್ಷಗಾನ ಪ್ರತಿನಿಧಿಸಿದ್ದು ಊರನ್ನು. ಹೊರಗೆ ಹೋದವರ ಕಥೆಯಾದರೋ ಇನ್ನೂ ಸಂಕೀರ್ಣ. ಮುಂಬಯಿಯ ಹೋಟೆಲುಗಳಿಗೆ ದುಡಿಯಲು ಹೋದ ಈ ಸೀಮೆಯ ಹುಡುಗರು ಹಗಲು ಗಲ್ಲಾಪೆಟ್ಟಿಗೆಯ ಬಳಿಯೂ ಮೇಜುಗಳ ನಡುವೆಯೂ ನಾಲ್ಕು ಭಾಷೆಗಳನ್ನು ಕೇಳಿ ಕಲಿತರು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು, ಬಿಡುವಿನಲ್ಲಿ ಅಲ್ಲಿಯೇ ಆಟ, ತಾಳಮದ್ದಳೆ ನಡೆಸಿದರು. ಬದುಕಿನಲ್ಲಿ ಇವು ಮೂರೂ ಒಂದಾಗಿದ್ದವು. ಪಠ್ಯಕ್ರಮದಲ್ಲಿ ಆಗಲಿಲ್ಲ.

ಪರೀಕ್ಷೆ ಇನ್ನೊಂದು ಕಾರಣ. ಬರವಣಿಗೆಯನ್ನು ಮಾತ್ರ ಅಳೆಯುವ ವ್ಯವಸ್ಥೆಗೆ ಮಾತಿನ ಕಲೆ ಏನನ್ನು ಕೊಡಬಲ್ಲುದೆಂಬುದು ಕಾಣಲಿಲ್ಲ. ಯಕ್ಷಗಾನದ ಒಳಗಿನ ಕಟ್ಟುಪಾಡೂ ಕಾರಣವೇ: ಇಂಗ್ಲಿಷ್ ಪದವನ್ನೇ ಹೊರಗಿಟ್ಟ ರಂಗವು ಇಂಗ್ಲಿಷ್ ಬೋಧನೆಯ ಸಾಧನವಾಗಬಹುದೆಂದು ಯಾರಿಗೆ ತಾನೇ ಹೊಳೆದೀತು? ಹೆಣ್ಣುಮಕ್ಕಳ ಪ್ರಶ್ನೆಯನ್ನಂತೂ ಬಿಡುವಂತೆಯೇ ಇಲ್ಲ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಕಟ್ಟಿದರು. ಅರ್ಥಗಾರಿಕೆಯ ಗುರುಕುಲ ಹುಡುಗಿಯರಿಗೆ ಬಹುಕಾಲ ತೆರೆಯಲಿಲ್ಲ. ಅವರು ಪ್ರೇಕ್ಷಕರಾಗಿ ಕೇಳಿದರು, ನೆನಪಿಟ್ಟರು, ಆಡಲಿಲ್ಲ. ಯಕ್ಷಗಾನದ ಮಾದರಿಯನ್ನು ಇಡಿಯಾಗಿ ಶಾಲೆಗೆ ತರಬೇಕಿತ್ತೆಂದು ವಾದಿಸುವವರು ತರಗತಿಯ ಅರ್ಧ ಮಕ್ಕಳನ್ನು ಮರೆತು ಮಾತಾಡುತ್ತಿರುತ್ತಾರೆ.

ಕಾರಂತರು, ಮಕ್ಕಳ ಮೇಳ, ಇಂಗ್ಲಿಷ್ ಯಕ್ಷಗಾನ

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು ಈ ಚರಿತ್ರೆಯ ನಡುವೆ ನಿಲ್ಲುತ್ತಾರೆ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಅವರು ಪುತ್ತೂರಿನಲ್ಲಿ ನೆಲೆಸಿ, ಮಕ್ಕಳ ಶಿಕ್ಷಣದಲ್ಲಿ ಹಾಡು, ಕುಣಿತ, ನಾಟಕಗಳಿಗೆ ಸ್ಥಾನ ಕೊಟ್ಟು ಮಾಡಿದ ಪ್ರಯೋಗಗಳು ಅಲ್ಲಿಯ ಬಾಲವನದೊಂದಿಗೆ ಇಂದಿಗೂ ನೆನಪಾಗುತ್ತವೆ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಬರೆದ ಅದೇ ದಶಕಗಳಲ್ಲಿ ಅವರು ಆಟವನ್ನು ಕಲಿಕೆಯಿಂದ ಬೇರೆಯೆಂದು ಎಣಿಸಲಿಲ್ಲ. ಶಿಕ್ಷಣದಲ್ಲಿ ರಂಗಭೂಮಿ ಎಂಬ ಮಾತು ಕೊವೆಂಟ್ರಿಯಲ್ಲಿ ರೂಢಿಯಾಗುವುದಕ್ಕೆ ಮೂರು ದಶಕಗಳ ಹಿಂದಿನ ಸಂಗತಿ ಇದು.

ಆದರೆ ಯಕ್ಷಗಾನದ ಬಗ್ಗೆ ಕಾರಂತರು ಕೈಗೊಂಡ ನಿರ್ಧಾರ ಭಾಷಾಶಾಸ್ತ್ರಜ್ಞರ ದೃಷ್ಟಿಯಿಂದ ವಿಚಾರಣೀಯ. 1957ರ ‘ಯಕ್ಷಗಾನ ಬಯಲಾಟ’ದಲ್ಲಿ ಆ ಕಲೆಯ ಚರಿತ್ರೆ, ವೇಷ, ಗಾನಗಳನ್ನು ವಿಸ್ತಾರವಾಗಿ ದಾಖಲಿಸಿದ ಅವರು, ಮುಂದೆ ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಅರ್ಥಗಾರಿಕೆಯನ್ನೇ ಕೈಬಿಟ್ಟರು. ಹಾಡು, ಕುಣಿತ, ಅಭಿನಯ ಉಳಿದವು, ವಯೊಲಿನ್, ಸ್ಯಾಕ್ಸೊಫೋನ್ ಬಂದವು, ಮಾತು ಹೋಯಿತು. ಕನ್ನಡ ಬಾರದ ಪ್ರೇಕ್ಷಕರನ್ನು ಮುಟ್ಟುವುದಕ್ಕೆ ಇದು ನೆರವಾಯಿತು, ದೇಶವಿದೇಶಗಳಲ್ಲಿ ಯಕ್ಷಗಾನಕ್ಕೆ ಹೆಸರು ತಂದಿತು. ಕಲೆಯ ದೃಷ್ಟಿಯಿಂದ ಅವರ ಆಯ್ಕೆ ಸರಿಯೇ ಎಂಬ ಚರ್ಚೆ ಅಂದಿನಿಂದಲೂ ಇದೆ, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಭಾಷೆಯನ್ನು ಕಲಿಸುವ ಸಾಧನವಾಗಿ ನೋಡಿದರೆ ಮಾತ್ರ, ಶಿಕ್ಷಣವನ್ನೂ ಯಕ್ಷಗಾನವನ್ನೂ ಅವರಷ್ಟು ಆಳವಾಗಿ ಒಟ್ಟಿಗೆ ಬಲ್ಲ ಇನ್ನೊಬ್ಬರಿಲ್ಲದ ಕಾಲದಲ್ಲಿ, ಆ ಎರಡೂ ಕೂಡಬಹುದಾಗಿದ್ದ ಜಾಗ ಖಾಲಿಯಾಗಿ ಉಳಿಯಿತೆನ್ನಬೇಕು.

ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರ ಮತ್ತು ಕಾರಂತರ ಆಸಕ್ತಿಯಿಂದ, 1970ರ ದಶಕದ ಆರಂಭದಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರ ಗುರುಕುಲದ ಕಲಿಕೆಗೆ ಸಂಸ್ಥೆಯ ರೂಪ ಕೊಟ್ಟಿತು. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಶಾಲೆಗೆ ಹೋಗುವ ಮಕ್ಕಳೇ ಸಂಪೂರ್ಣ ಆಟವನ್ನು ಆಡಿ ತೋರಿಸಿದ ಈ ಮೇಳದಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ: ಮಕ್ಕಳ ಯಕ್ಷಗಾನದಲ್ಲಿ ಅರ್ಥ ಆಶುವಾಗಿ ಹುಟ್ಟುವುದಿಲ್ಲ. ಗುರು ಬರೆದುಕೊಟ್ಟ ಮಾತನ್ನು ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಲ್ಲಿ ನಡೆಸುತ್ತ ಬಂದಿರುವ ತರಗತಿಗಳಲ್ಲಿಯೂ ಇದೇ ಕ್ರಮ. ಅಲ್ಲಿ ಹುಡುಗಿಯರೂ ದೊಡ್ಡ ಸಂಖ್ಯೆಯಲ್ಲಿ ಗೆಜ್ಜೆ ಕಟ್ಟುತ್ತಿರುವುದು ಹಿಂದೆ ಹೇಳಿದ ಕೊರತೆಗೆ ಸಿಕ್ಕ ಉತ್ತರ.

ಹಾಗಾದರೆ ಯಕ್ಷಗಾನದ ಕಲಿಕೆಯೂ ಇಂಗ್ಲಿಷ್ ತರಗತಿಯ ಕಂಠಪಾಠವೂ ಒಂದೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು. ವ್ಯತ್ಯಾಸ ಇರುವುದು ಕಂಠಪಾಠದಲ್ಲಲ್ಲ, ಅದರ ಮುಂದಿನ ಹೆಜ್ಜೆಯಲ್ಲಿ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಮಾತಿಲ್ಲದೆ ಕುಣಿಯುತ್ತಾನೆ. ಆ ಕಾಲವೆಲ್ಲ ಕೇಳುತ್ತಾನೆ. ಬಳಿಕ ನಾಲ್ಕು ಮಾತಿನ ಸಣ್ಣ ವೇಷ ಸಿಗುತ್ತದೆ, ಆ ಮಾತು ಬಾಯಿಪಾಠದ್ದೇ. ಆದರೆ ಮರುರಾತ್ರಿ ಎದುರಿನ ಹಿರಿಯ ಕಲಾವಿದ ಬೇರೆ ಪ್ರಶ್ನೆ ಕೇಳುತ್ತಾನೆ. ಬಾಯಿಪಾಠ ಸಾಲುವುದಿಲ್ಲ. ಕಲಿತ ತುಣುಕುಗಳನ್ನು ಒಡೆದು, ಬೇರೊಂದು ಕಡೆ ಕೂಡಿಸಿ, ಹೊಸ ಮಾತನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಆಲಿಸನ್ ರೇ ಅವರು 2002ರ ತಮ್ಮ ಗ್ರಂಥದಲ್ಲಿ ಸಿದ್ಧನುಡಿಗಟ್ಟುಗಳ ಬಗ್ಗೆ ಚರ್ಚಿಸಿದಂತೆ, ಇಡಿಯಾಗಿ ನೆನಪಿನಲ್ಲಿಟ್ಟ ಘಟಕಗಳು ಭಾಷಾಬಳಕೆಗೆ ಅಡ್ಡಿಯಲ್ಲ, ಅದರ ಬಂಡವಾಳ. ಇಂಗ್ಲಿಷ್ ತರಗತಿಯ ನಾಟಕ ಬಂಡವಾಳ ಕೂಡಿಸಿದ ಮೊದಲ ಹೆಜ್ಜೆಯಲ್ಲಿಯೇ ನಿಂತುಬಿಟ್ಟಿತು. ಪ್ರತಿಭಾ ಕಾರಂಜಿಯಲ್ಲಿ ಇಂಗ್ಲಿಷ್ ಕಂಠಪಾಠಕ್ಕೆ ಬಹುಮಾನ ಪಡೆದ ಮಗುವಿಗೆ ಅದೇ ಪದ್ಯದ ಬಗ್ಗೆ ಇಂಗ್ಲಿಷಿನಲ್ಲಿ ಎರಡನೆಯ ಪ್ರಶ್ನೆ ಕೇಳುವವರು ಅಪರೂಪ.

ಇಂಗ್ಲಿಷಿಗೇ ಯಕ್ಷಗಾನವನ್ನು ಒಯ್ದ ಯತ್ನವೂ ನಡೆದಿದೆ. ಮಂಗಳೂರಿನ ಪಿ. ವಿ. ಐತಾಳರು 1980ರ ದಶಕದಲ್ಲಿ ಕಟ್ಟಿದ ಇಂಗ್ಲಿಷ್ ಯಕ್ಷಗಾನ ತಂಡ, ಕಾರಂತರು ಕೈಬಿಟ್ಟ ಅಂಶವನ್ನೇ ಹಿಡಿದುಕೊಂಡಿತು: ವೇಷ, ಕುಣಿತ, ಹಿಮ್ಮೇಳ ಹಾಗೆಯೇ ಇದ್ದು ಮಾತು ಇಂಗ್ಲಿಷಿನದಾಯಿತು. ಇದು ಊರಿನ ಜನಕ್ಕೆ ಮೊದಲು ಕುತೂಹಲದ, ಸ್ವಲ್ಪ ನಗೆಯ ವಿಷಯವಾಗಿದ್ದಿರಬಹುದು. ಆದರೆ ಭಾಷಾಬೋಧನೆಯ ದೃಷ್ಟಿಯಿಂದ ಇಲ್ಲಿ ಒಂದು ಸೂಕ್ಷ್ಮವಿದೆ. ಕಥೆ ಪ್ರೇಕ್ಷಕನಿಗೆ ಮೊದಲೇ ಗೊತ್ತು. ಪಾತ್ರದ ಮನೋಧರ್ಮ ಗೊತ್ತು. ಯಾವ ಮಾತಿಗೆ ಯಾವ ಉತ್ತರ ಬರುತ್ತದೆಂಬ ನಿರೀಕ್ಷೆ ಇದೆ. ಅಪರಿಚಿತವಾಗಿರುವುದು ಭಾಷೆ ಮಾತ್ರ. ಇಂಗ್ಲಿಷ್ ಪಠ್ಯಪುಸ್ತಕದ ಸಂಭಾಷಣೆಗಳಲ್ಲಿ ಇದು ತಲೆಕೆಳಗು. ವಿಮಾನ ನಿಲ್ದಾಣದಲ್ಲಿ, ಉಪಾಹಾರಗೃಹದಲ್ಲಿ ಅಪರಿಚಿತರಿಬ್ಬರು ಆಡುವ ಮಾತಿನ ಸನ್ನಿವೇಶವೂ ಭಾಷೆಯೂ ಏಕಕಾಲದಲ್ಲಿ ಮಗುವಿಗೆ ಹೊಸವು. ದುರ್ಯೋಧನ ಏಕೆ ಐದು ಗ್ರಾಮಗಳನ್ನೂ ಕೊಡಲೊಲ್ಲ ಎಂಬುದನ್ನು ಹೇಳಲು ಇಲ್ಲಿಯ ಮಗುವಿಗೆ ಬೇಕಾಗಿರುವುದು ಕೆಲವು ಇಂಗ್ಲಿಷ್ ವಾಕ್ಯಗಳಷ್ಟೇ. ಹೇಳಬೇಕಾದ ಸಂಗತಿ ಅದರ ಬಳಿ ಸಿದ್ಧವಾಗಿದೆ.

ವಿರುದ್ಧ ದಿಕ್ಕಿನ ಒಂದು ಉದಾಹರಣೆಯನ್ನೂ ಸೇರಿಸಬಹುದು. ಬಡಗುತಿಟ್ಟಿನ ಯಕ್ಷಗಾನವನ್ನು ಇಲ್ಲಿಗೇ ಬಂದು ಅಧ್ಯಯನ ಮಾಡಿದ ಅಮೆರಿಕದ ಮಾರ್ತಾ ಆಶ್ಟನ್ ಅವರು ಬ್ರೂಸ್ ಕ್ರಿಸ್ಟಿ ಜೊತೆಗೂಡಿ 1977ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಹಿರಿಯಡಕ ಗೋಪಾಲರಾಯರ ಮದ್ದಳೆ ಅಮೆರಿಕಕ್ಕೂ ಹೋಯಿತು. ಇತ್ತ ಬಿ. ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಗಾಗಿ ನಿರ್ದೇಶಿಸಿದ ‘ಬರ್ನಮ್ ವನ’ದಲ್ಲಿ ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಹಿಂದಿಯ ಮಾತನ್ನೂ ಯಕ್ಷಗಾನದ ನಡೆಯನ್ನೂ ಪಡೆದ. ರಂಗದ ಮೇಲೆ ಭಾಷೆಗಳು ಇಷ್ಟು ಧಾರಾಳವಾಗಿ ಕೊಟ್ಟು ಕೊಳ್ಳುತ್ತಿದ್ದಾಗ ಶಾಲೆಯೊಳಗೆ ಅವುಗಳ ನಡುವಿನ ಬಾಗಿಲು ಮುಚ್ಚಿತ್ತು.

ತರಗತಿಯ ಪ್ರಶ್ನೆಗಳು

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ದಶಕಗಳ ಕಾಲ ಐದನೆಯ ತರಗತಿಯಲ್ಲಿ ಆರಂಭವಾಗುತ್ತಿದ್ದ ಇಂಗ್ಲಿಷ್ 2007–08ರಲ್ಲಿ ಒಂದನೆಯ ತರಗತಿಗೇ ಬಂತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ತೆರೆದವು. ಆರು ವರ್ಷದ ಮಗುವಿಗೆ ವ್ಯಾಕರಣ ಹೇಳಲಾಗದು. ಹಾಡು, ಆಟ, ಅಭಿನಯಗಳಿಂದಲೇ ಆರಂಭಿಸಬೇಕು. ಹೀಗೆ ನಾಟಕ ಚಟುವಟಿಕೆ ಆಯ್ಕೆಯಾಗಿದ್ದುದು ಅನಿವಾರ್ಯವಾಯಿತು. ರಂಗಶಿಕ್ಷಣ ಪಡೆದ ಕೆಲವರನ್ನು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನಾಗಿ ನೇಮಿಸಿದ್ದೂ ಆಯಿತು. ಈ ಸೀಮೆಯಲ್ಲಿ ಕುಂದಾಪುರದ ಸಮುದಾಯ, ಬೈಂದೂರಿನ ಲಾವಣ್ಯದಂಥ ತಂಡಗಳು, ಭಂಡಾರ್ಕಾರ್ಸ್ ಕಾಲೇಜಿನ ರಂಗ ಅಧ್ಯಯನ ಕೇಂದ್ರ ಮುಂತಾದುವು ರಂಗಾಸಕ್ತ ಶಿಕ್ಷಕರಿಗೆ ನೆರೆಯಲ್ಲಿಯೇ ಸಿಗುತ್ತವೆ. ಸಂಪನ್ಮೂಲದ ಕೊರತೆಯನ್ನು ಇಲ್ಲಿ ಯಾರೂ ಹೇಳುವಂತಿಲ್ಲ.

ಕೊರತೆ ಇರುವುದು ಬೇರೆ ಕಡೆ. ಯಕ್ಷಗಾನದ ಹುಡುಗ ಬಾಯಿ ತೆರೆಯುವ ಮೊದಲು ನೂರಾರು ರಾತ್ರಿ ಕೇಳಿರುತ್ತಾನೆ. ಇಂಗ್ಲಿಷ್ ತರಗತಿಯ ಮಗುವಿಗೆ ಆ ಕೇಳ್ಮೆಯ ದಾಸ್ತಾನು ಇಲ್ಲ. ಇರುವುದು ವಾರದ ಕೆಲವು ಅವಧಿಗಳು, ಅದರಲ್ಲಿಯೂ ಹೆಚ್ಚು ಪಾಲು ಕನ್ನಡ ವಿವರಣೆ. ಅಂಥ ಮಗುವಿನ ಕೈಗೆ ಪಾತ್ರದ ಚೀಟಿ ಕೊಟ್ಟು ‘ಮಾತಾಡು’ ಎಂದರೆ ಅದು ಮೂರು ವಾಕ್ಯಗಳನ್ನು ಒಪ್ಪಿಸಿ ಕುಳಿತುಕೊಳ್ಳುತ್ತದೆ, ಇಲ್ಲವೆ ನಾಚಿ ನಗುತ್ತದೆ. ಪ್ರಭು ಅವರು ಆಡಿಸುವುದಕ್ಕಿಂತ ಅರಿಯುವುದಕ್ಕೆ ಆದ್ಯತೆ ಕೊಟ್ಟದ್ದು ಈ ಕಾರಣದಿಂದ ಸಮಂಜಸವೆನಿಸುತ್ತದೆ. ನಾಟಕ ಚಟುವಟಿಕೆಯ ಪರವಾಗಿ ಬರೆಯುವ ನಮ್ಮ ಹಲವು ಪ್ರಬಂಧಗಳು ಮಕ್ಕಳ ಉತ್ಸಾಹವನ್ನು ಅಳೆದು ತೃಪ್ತಿಪಡುತ್ತವೆ. ಉತ್ಸಾಹ ಬೇಕು. ಆದರೆ ಚಟುವಟಿಕೆಗೆ ಮೊದಲು ಮಗು ಎಷ್ಟು ಇಂಗ್ಲಿಷ್ ಕೇಳಿತ್ತು, ಚಟುವಟಿಕೆಯಲ್ಲಿ ಚೀಟಿಯಲ್ಲಿಲ್ಲದ ಎಷ್ಟು ವಾಕ್ಯ ಆಡಿತು ಎಂಬ ಎರಡು ಲೆಕ್ಕಗಳಿಲ್ಲದೆ ಕಲಿಕೆಯ ಬಗ್ಗೆ ಏನೂ ಹೇಳಲಾಗುವುದಿಲ್ಲ. ಡಾಕ್ಟರೇಟ್ ಮಟ್ಟದ ಅಧ್ಯಯನಗಳಲ್ಲಾದರೂ ತರಗತಿಯ ಮಾತನ್ನು ಧ್ವನಿಮುದ್ರಿಸಿ, ಲಿಪ್ಯಂತರಿಸಿ, ಸಿದ್ಧವಾಕ್ಯಗಳನ್ನೂ ಹೊಸದಾಗಿ ಕಟ್ಟಿದ ವಾಕ್ಯಗಳನ್ನೂ ಬೇರ್ಪಡಿಸಿ ತೋರಿಸುವ ಕೆಲಸ ಆಗಬೇಕಾಗಿದೆ.

ಯಕ್ಷಗಾನದ ರಚನೆಯಿಂದ ತರಗತಿಗೆ ನೇರವಾಗ�� ತರಬಹುದಾದ ಎರಡು ಅಂಶಗಳು ಇವೆ. ವೇಷವೊಂದು ರಂಗಸ್ಥಳಕ್ಕೆ ಬಂದಾಗ ಭಾಗವತರು ಅದನ್ನು ಮಾತಾಡಿಸುವ ಸಂಪ್ರದಾಯವಿದೆ: ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು. ಪಾತ್ರ ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತದೆ, ಭಾಗವತರು ಹೂಂಗುಟ್ಟುತ್ತ, ಮರುಪ್ರಶ್ನೆ ಹಾಕುತ್ತ ಮಾತನ್ನು ಮುಂದಕ್ಕೆ ನೂಕುತ್ತಾರೆ. ಪಾತ್ರಧಾರಿಯನ್ನು ಕುರ್ಚಿಯಲ್ಲಿ ಕೂರಿಸಿ ತರಗತಿಯೆಲ್ಲ ಪ್ರಶ್ನೆ ಕೇಳುವ ಅಭ್ಯಾಸವನ್ನು ತರಬೇತಿ ಕೈಪಿಡಿಗಳು ಹೊಸ ವಿಧಾನವಾಗಿ ಕಲಿಸುತ್ತವೆ. ಈ ಊರಿನ ಶಿಕ್ಷಕರಿಗೆ ಅದನ್ನು ಭಾಗವತಿಕೆಯೆಂದರೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಶಿಕ್ಷಕರ ಜಾಗವೂ ಸ್ಪಷ್ಟವಾಗುತ್ತದೆ. ಭಾಗವತರು ರಂಗದ ಮೇಲೆಯೇ ಇರುತ್ತಾರೆ, ಆಟವನ್ನು ನಡೆಸುತ್ತಾರೆ, ಆದರೆ ಪಾತ್ರದ ಮಾತನ್ನು ತಾವು ಆಡುವುದಿಲ್ಲ.

ಇನ್ನೊಂದು ಹಾಸ್ಯಗಾರನ ಸ್ಥಾನ. ರಾಜ, ರಾಕ್ಷಸ, ಋಷಿಗಳು ಗ್ರಾಂಥಿಕದಲ್ಲಿ ಮಾತಾಡುವಾಗ ಹಾಸ್ಯಗಾರ ಕುಂದಾಪ್ರ ಕನ್ನಡದಲ್ಲಿ ಮಾತಾಡಬಲ್ಲ. ಅವರ ದೊಡ್ಡ ಮಾತನ್ನು ಊರಮಾತಿಗೆ ತಿರುಗಿಸಿ, ತಪ್ಪಾಗಿ ಕೇಳಿಸಿಕೊಂಡಂತೆ ನಟಿಸಿ, ಮತ್ತೊಮ್ಮೆ ಹೇಳಿಸುತ್ತಾನೆ. ಕೇರಳದ ಕೂಡಿಯಾಟ್ಟದ ವಿದೂಷಕ ಸಂಸ್ಕೃತ ಶ್ಲೋಕಗಳನ್ನು ಮಲಯಾಳದಲ್ಲಿ ವಿವರಿಸುವುದೂ ಇದೇ ಜಾತಿಯ ವ್ಯವಸ್ಥೆ. ಇಂಗ್ಲಿಷ್ ತರಗತಿಯ ಕಿರುನಾಟಕದಲ್ಲಿ ಇಂಥ ಒಂದು ಪಾತ್ರವಿದ್ದರೆ, ಉಳಿದವರು ಇಂಗ್ಲಿಷ್ ಬಿಡದೆ ಮಾತಾಡುವಾಗ ಅವನೊಬ್ಬ ಮನೆಮಾತಿನಲ್ಲಿ ‘ಎಂತ ಹೇಳ್ತ್ರಿ ನೀವ್?’ ಎಂದು ಕೇಳಿದರೆ, ಎದುರಿನ ಮಗು ಅದನ್ನೇ ಇಂಗ್ಲಿಷಿನಲ್ಲಿ ಬೇರೆ ರೀತಿ ಹೇಳಬೇಕಾಗುತ್ತದೆ. ಇಂಗ್ಲಿಷ್ ಕಡಿಮೆ ಬಲ್ಲ ಮಗುವಿಗೆ ನಾಟಕದಲ್ಲಿ ಒಂದು ಗೌರವದ ಪಾತ್ರವೂ ದೊರೆಯುತ್ತದೆ, ಹಾಸ್ಯಗಾರನಿಲ್ಲದ ಮೇಳವಿಲ್ಲವಷ್ಟೆ. ಬಹುಭಾಷಾ ತರಗತಿಗಳ ಬಗ್ಗೆ ಇತ್ತೀಚೆಗೆ ನಡೆಯುತ್ತಿರುವ ಚರ್ಚೆ ಮನೆಮಾತನ್ನು ಇಂಗ್ಲಿಷ್ ಪಾಠದೊಳಗೆ ಬಿಟ್ಟುಕೊಳ್ಳಬೇಕೇ ಎಂದು ಕೇಳುತ್ತದೆ. ಎಲ್ಲಿ, ಯಾರ ಬಾಯಲ್ಲಿ, ಯಾವ ಕೆಲಸಕ್ಕೆ ಎಂಬ ನಿಖರವಾದ ಉತ್ತರವನ್ನು ಈ ರಂಗಸಂಪ್ರದಾಯ ಬಹುಕಾಲದಿಂದ ಆಡಿ ತೋರಿಸುತ್ತಿದೆ.

ಇದೆಲ್ಲ ಅಂಕಗಳ ವ್ಯವಸ್ಥೆಯಲ್ಲಿ ಎಲ್ಲಿ ಕೂರುತ್ತದೆಂಬುದು ಶಿಕ್ಷಕರು ಕೇಳುವ ಮೊದಲ ಪ್ರಶ್ನೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ. ಲಿಖಿತ ಪರೀಕ್ಷೆಯಲ್ಲಿ ಮಾತಿಗೆ ಜಾಗವಿಲ್ಲ. ಆಂತರಿಕ ಅಂಕಗಳು ಶಾಲೆಯ ಕೈಯಲ್ಲಿವೆ. ಅವು ಈಗ ಹೆಚ್ಚಾಗಿ ಹೋಗುತ್ತಿರುವುದು ಕಿರುಪರೀಕ್ಷೆಗಳಿಗೆ ಮತ್ತು ಅಂದವಾಗಿ ಹೊದಿಕೆ ಹಾಕಿದ ಯೋಜನಾ ಪುಸ್ತಕಗಳಿಗೆ.